ಬೆಲೆ ಮೊದಲು ಯಾರಿಗೆ ಗೊತ್ತಾಗುತ್ತೆ? ಪೇಟೆ ಧಾರಣೆಯ ಕಥೆ

ಭಾಗ 1/8
ಇನ್ಫೋಸಿಸ್ ಷೇರು ಇವತ್ತು ಎಷ್ಟಿದೆ ಅಂತ ನಮ್ಮ ಕ್ಲಾಸಲ್ಲಿ ಕೇಳಿದ್ರೆ ಹತ್ತು ಜನ ಫೋನ್ ತೆಗೆದು ಹೇಳ್ತಾರೆ. ದಾವಣಗೆರೆಯಲ್ಲಿ ಮೆಕ್ಕೆಜೋಳ ಕ್ವಿಂಟಲ್‌ಗೆ ಎಷ್ಟು ಅಂತ ಕೇಳಿ ನೋಡಿ, ಎಲ್ಲರೂ ಮುಖ ಮುಖ ನೋಡ್ಕೋತೀವಿ. ಅದೂ ಅದೇ ಫೋನಲ್ಲಿ ಸಿಗುತ್ತೆ, ದುಡ್ಡಿಲ್ಲದೆ ಸಿಗುತ್ತೆ. ಆದ್ರೆ ಆ ಒಂದು ಸಂಖ್ಯೆ ಅಲ್ಲಿಗೆ ಬರೋಕೆ ನೂರು ವರ್ಷಕ್ಕಿಂತ ಹೆಚ್ಚು ಹಿಡೀತು. ಅಲ್ಲಿವರೆಗೆ ಮಾಲಿನ ಬೆಲೆ ಕೊಳ್ಳುವವರಿಗೆ ಮೊದಲು ಗೊತ್ತಾಗ್ತಿತ್ತು, ಬೆಳೆದವರಿಗೆ ಕೊನೆಗೆ. ಆ ಅಂತರ ಹೇಗೆ ಕಮ್ಮಿ ಆಯ್ತು, ಎಲ್ಲಿ ಇನ್ನೂ ಉಳಿದಿದೆ ಅನ್ನೋದೇ ಈ ಸರಣಿ. ಸೇವ್ ಮಾಡಿಟ್ಕೊಂಡು ನಿಧಾನಕ್ಕೆ ಓದಿ.

ಭಾಗ 2/8: ಟವೆಲ್ ಕೆಳಗಿನ ಬೆಲೆ
ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ವಿಡಿಯೋ ನೋಡಿರ್ತೀರಿ. ಇಬ್ಬರು ಎದುರುಬದುರು ನಿಂತು, ಕೈ ಮೇಲೆ ಟವೆಲ್ ಹಾಕ್ಕೊಂಡು, ಒಳಗೇ ಬೆರಳು ಹಿಡಿದು ವ್ಯಾಪಾರ ಮಾಡ್ತಾರೆ. ಎಷ್ಟು ಬೆರಳು ಹಿಡಿದ್ರು ಅನ್ನೋದೇ ಬೆಲೆ. ಒಂದು ಬೆರಳು ಅಂದ್ರೆ ಸಾವಿರವೋ ಹತ್ತು ಸಾವಿರವೋ ಅನ್ನೋದು ಅವರಿಬ್ಬರಿಗೆ ಗೊತ್ತು, ಸುತ್ತ ನಿಂತವರಿಗೆ ಕಾಣಲ್ಲ.

ನೋಡೋಕೆ ಚೆಂದ. ಆದ್ರೆ ಲೆಕ್ಕ ಹಾಕಿ: ಪಕ್ಕದ ಜೋಡಿ ಎತ್ತು ಎಷ್ಟಕ್ಕೆ ಹೋಯ್ತು ಅಂತ ಮಾರೋಕೆ ಬಂದ ರೈತರಿಗೆ ಗೊತ್ತಿಲ್ಲ. ಬೆಳಗ್ಗೆಯಿಂದ ಇಪ್ಪತ್ತು ಕೈ ಹಿಡಿದ ದಲ್ಲಾಳಿಗೆ ಗೊತ್ತು. ಒಂದು ಕಾಲದಲ್ಲಿ ಧಾನ್ಯ, ಹತ್ತಿಗೂ ದೇಶದ ಹಲವು ಪೇಟೆಗಳಲ್ಲಿ ಇದೇ ಪದ್ಧತಿ ಇತ್ತು.

ಜಾನುವಾರು ವಿಷಯದಲ್ಲಿ ಇವತ್ತಿಗೂ ಪೂರ್ತಿ ಬದಲಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಅಮೀನಗಡದಂಥ ಕುರಿ ಸಂತೆಗಳಲ್ಲಿ ಹೆಚ್ಚಿನ ವ್ಯಾಪಾರ ಬೆನ್ನು, ಸೊಂಟ ಮುಟ್ಟಿ ನೋಡಿ ಅಂದಾಜಿನ ಮೇಲೆ ನಡೆಯುತ್ತೆ. ಒಂದು ಕುರಿ ಇದ್ದ ಹಾಗೆ ಇನ್ನೊಂದು ಇರಲ್ಲ, ಕ್ವಿಂಟಲ್ ಲೆಕ್ಕ ಇಲ್ಲಿ ನಡೆಯಲ್ಲ. ಅದಕ್ಕೇ ಮೆಕ್ಕೆಜೋಳಕ್ಕೆ ಇರುವಷ್ಟು ಗಟ್ಟಿ ದಾಖಲೆ ಕುರಿಗೆ ಇಲ್ಲ.

ಭಾಗ 3/8: ಕುಮಟಾದ ಹೆಸರು ಹೊತ್ತ ಧಾರವಾಡದ ಹತ್ತಿ
1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಬರ್ತಿದ್ದ ಹತ್ತಿ ನಿಂತುಹೋಯ್ತು. ಆಗ ಎಲ್ಲರ ಕಣ್ಣು ಬಿದ್ದದ್ದು ಭಾರತದ ಹತ್ತಿ ಮೇಲೆ, ಅದರಲ್ಲಿ ನಮ್ಮ ಧಾರವಾಡ ಸೀಮೆಯದೂ ಇತ್ತು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗ್ತಿದ್ವು, ಅಲ್ಲಿಂದ ಹತ್ತಿ ಹಡಗಲ್ಲಿ ಮುಂಬೈಗೆ. ಬೆಳೆದದ್ದು ಧಾರವಾಡದ ಕಪ್ಪು ನೆಲದಲ್ಲಿ, ವ್ಯಾಪಾರದ ಹೆಸರು ಮಾತ್ರ ‘ಕುಮಟಾ ಹತ್ತಿ’!

ಬೆಲೆ ಹಲವು ಪಟ್ಟು ಏರಿತು. 1865ರಲ್ಲಿ ಯುದ್ಧ ಮುಗಿದ ಸುದ್ದಿ ಬಂದದ್ದೇ ತಡ, ಮುಂಬೈ ಮಾರುಕಟ್ಟೆ ಕುಸಿದುಬಿತ್ತು. ದೊಡ್ಡ ದೊಡ್ಡ ವ್ಯಾಪಾರಿಗಳೇ ದಿವಾಳಿಯಾದ್ರು. ಇಲ್ಲಿ ಗಮನಿಸಬೇಕಾದ್ದು ಸುದ್ದಿ ಬಂದ ದಾರಿ. ಅದು ಲಿವರ್‌ಪೂಲ್‌ನಿಂದ ಮುಂಬೈಗೆ, ಮುಂಬೈನಿಂದ ದೊಡ್ಡ ವ್ಯಾಪಾರಿಗೆ, ಅವರಿಂದ ಊರಿನ ದಲ್ಲಾಳಿಗೆ, ಕೊನೆಗೆ ಹೊಲಕ್ಕೆ. 1870ರಲ್ಲಿ ಸಮುದ್ರದಡಿಯ ತಂತಿ ಮುಂಬೈ ಮುಟ್ಟಿದ ಮೇಲೆ ಈ ಸುದ್ದಿಗೆ ಇನ್ನಷ್ಟು ವೇಗ ಬಂತು. ಆದ್ರೆ ಆ ವೇಗ ಸಿಕ್ಕಿದ್ದು ತಂತಿ ಕಚೇರಿ ಹತ್ತಿರ ಇದ್ದವರಿಗೆ. ಗಾಡಿಯ ವೇಗ ಮೊದಲಿನಷ್ಟೇ.

ಭಾಗ 4/8: ಕಾನೂನು ಬಂತು
ವಿದರ್ಭದ ಕಾರಂಜಾದಲ್ಲಿ 1886ರಲ್ಲೇ ನಿಯಂತ್ರಿತ ಹತ್ತಿ ಮಾರುಕಟ್ಟೆ ಶುರುವಾಗಿತ್ತು. ರೈತರ ಮೇಲಿನ ಪ್ರೀತಿಗಿಂತ ಇಂಗ್ಲೆಂಡಿನ ಗಿರಣಿಗೆ ಒಳ್ಳೆ ಹತ್ತಿ ಸಿಗಲಿ ಅನ್ನೋ ಲೆಕ್ಕಾಚಾರವೇ ಅದರ ಹಿಂದೆ ಜಾಸ್ತಿ ಇತ್ತು. ದೊಡ್ಡ ತಿರುವು ಅಂದ್ರೆ 1928ರಲ್ಲಿ ಲಿನ್‌ಲಿತ್‌ಗೋ ಅಧ್ಯಕ್ಷತೆಯ ರಾಯಲ್ ಕೃಷಿ ಆಯೋಗ ಕೊಟ್ಟ ವರದಿ. ತೂಕದಲ್ಲಿ ಮೋಸ, ಧರ್ಮದ ಹೆಸರಲ್ಲಿ ಕಡಿತ, ಸ್ಯಾಂಪಲ್ ಅಂತ ಎತ್ತಿಕೊಳ್ಳೋ ಬೊಗಸೆ, ಎಲ್ಲದಕ್ಕೂ ಮದ್ದು ಅಂತ ಅದು ನಿಯಂತ್ರಿತ ಮಾರುಕಟ್ಟೆ ಬೇಕು ಅಂದಿತು.

ಆಮೇಲೆ ಸಾಲಾಗಿ ಕಾಯಿದೆಗಳು: ಹೈದರಾಬಾದಲ್ಲಿ 1930, ಮದ್ರಾಸಲ್ಲಿ 1933, ಮುಂಬೈ ಪ್ರಾಂತ್ಯ ಮತ್ತು ಮೈಸೂರಲ್ಲಿ 1939. 1956ರಲ್ಲಿ ರಾಜ್ಯ ಒಂದಾದಾಗ ಕಲಬುರಗಿಗೆ ಒಂದು ಕಾನೂನು, ಹುಬ್ಬಳ್ಳಿಗೆ ಇನ್ನೊಂದು, ಮೈಸೂರಿಗೆ ಮತ್ತೊಂದು. ಇವೆಲ್ಲ ಸೇರಿ 1966ರ ಕಾಯಿದೆಯಾಯ್ತು. ನಾವು ಎಪಿಎಂಸಿ ಅಂತ ಕರೆಯೋದು ಇದರ ಕೂಸು. ಗುಟ್ಟಿನ ಬೆರಳು ಹೋಗಿ ಟೆಂಡರ್ ಚೀಟಿ ಬಂತು. ವರ್ತಕರು ಪ್ರತಿ ಲಾಟ್‌ಗೆ ಬೆಲೆ ಬರೆದು ಪೆಟ್ಟಿಗೆಗೆ ಹಾಕ್ತಾರೆ, ಹೊತ್ತಿಗೆ ಸರಿಯಾಗಿ ತೆರೀತಾರೆ, ಹೆಚ್ಚು ಬರೆದವರಿಗೆ ಮಾಲು. ಬೆಲೆಯನ್ನ ಬರೆದಿಡಬೇಕು, ಎಲ್ಲರಿಗೂ ತಿಳಿಸಬೇಕು ಅನ್ನೋದು ಒಂದು ವ್ಯವಸ್ಥೆ ಆದದ್ದು ಹೀಗೆ.

ಭಾಗ 5/8: ಸೇರು, ರೇಡಿಯೋ, ಪೇಪರ್
ಎರಡು ಊರಿನ ಬೆಲೆ ಹೋಲಿಸಬೇಕು ಅಂದ್ರೆ ಎರಡೂ ಕಡೆ ಅಳತೆ ಒಂದೇ ಇರಬೇಕು. ಹಿಂದೆ ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮ ಇರ್ತಿರಲಿಲ್ಲ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು ಮೆಟ್ರಿಕ್ ಪದ್ಧತಿ ಜಾರಿಯಾದ ಮೇಲೆ ‘ಕ್ವಿಂಟಲ್‌ಗೆ ಇಷ್ಟು’ ಅನ್ನೋ ಮಾತಿಗೆ ಎಲ್ಲ ಕಡೆ ಒಂದೇ ಅರ್ಥ ಬಂತು.

ಆಗ ಆ ಸಂಖ್ಯೆಯನ್ನ ಆಕಾಶವಾಣಿ ಓದೋಕೆ ಸಾಧ್ಯವಾಯ್ತು. ತಿಪಟೂರಿನ ಕೊಬ್ಬರಿ, ಶಿವಮೊಗ್ಗದ ಅಡಿಕೆ, ಕಲಬುರಗಿಯ ತೊಗರಿ... ಪೇಟೆ ಧಾರಣೆ ಕೇಳಿ ನಾಳೆ ಗಾಡಿ ಕಟ್ಟೋದೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ಆಗ್ತಿದ್ದ ಕಾಲ ಅದು. ದಿನಪತ್ರಿಕೆಗಳಲ್ಲೂ ಸಣ್ಣ ಅಕ್ಷರದ ಧಾರಣೆ ಪಟ್ಟಿ ಇರ್ತಿತ್ತು. ನಾವು ಕ್ರಿಕೆಟ್ ಪುಟಕ್ಕೆ ಹಾರೋವಾಗ ದಾಟಿಹೋಗ್ತಿದ್ದ ಆ ಪಟ್ಟಿಯನ್ನ ಬೆರಳಿಟ್ಟು ಓದೋರು ಲಕ್ಷಾಂತರ ಜನ ಇದ್ರು.

ಭಾಗ 6/8: ನಮ್ಮ ಸ್ಟಾಟಿಸ್ಟಿಕ್ಸ್ ಪಾಠ ಇಲ್ಲಿ ಬದುಕಿದೆ
2000ದಲ್ಲಿ ಕೇಂದ್ರದ ಆಗ್‌ಮಾರ್ಕ್‌ನೆಟ್ ಬಂತು. ದೇಶದ ಮಂಡಿಗಳ ಬೆಲೆ ಕಂಪ್ಯೂಟರಿಗೆ ಏರತೊಡಗಿತು. ನಮ್ಮ ರಾಜ್ಯದ್ದು ‘ಕೃಷಿ ಮಾರಾಟ ವಾಹಿನಿ’. ತೆಗೆದು ನೋಡಿದ್ರೆ ಪ್ರತಿ ಬೆಳೆಗೂ ಆವಕ ಎಷ್ಟು ಅಂತ ಇರುತ್ತೆ, ಪಕ್ಕದಲ್ಲಿ ಮೂರು ಬೆಲೆ: ಕನಿಷ್ಠ, ಗರಿಷ್ಠ, ಮಾದರಿ. ಮಾದರಿ ಅಂದ್ರೆ ನಾವು ಪರೀಕ್ಷೆಗೆ ಅಂತ ಉರು ಹೊಡೆದ ಮೋಡ್! ಅವತ್ತು ಹೆಚ್ಚು ಮಾಲು ಯಾವ ಬೆಲೆಗೆ ಹೋಯ್ತೋ ಅದು. ಯಾರೋ ಒಬ್ಬರ ಒಂದು ಚೀಲ ಭಾರಿ ಬೆಲೆಗೆ ಹೋದ್ರೆ ಗರಿಷ್ಠ ಮೇಲೆ ಹಾರುತ್ತೆ, ಮೋಡ್ ಅಲುಗಾಡಲ್ಲ. ವಾಟ್ಸಾಪಲ್ಲಿ ‘ದಾಖಲೆ ಬೆಲೆ’ ಅಂತ ಓಡಾಡೋದು ಸಾಮಾನ್ಯವಾಗಿ ಗರಿಷ್ಠ ಬೆಲೆ. ರೈತರ ಜೇಬಿಗೆ ಹತ್ತಿರ ಇರೋದು ಮಾದರಿ ಬೆಲೆ.

2014ರಲ್ಲಿ ಕರ್ನಾಟಕ ಏಕೀಕೃತ ಮಾರುಕಟ್ಟೆ ವೇದಿಕೆ ಶುರುಮಾಡಿತು. ಗೇಟಲ್ಲೇ ಲಾಟ್ ನಂಬರ್, ಟೆಂಡರ್ ಆನ್‌ಲೈನ್, ಗೆದ್ದ ಬೆಲೆ ರೈತರ ಮೊಬೈಲಿಗೆ ಮೆಸೇಜ್. 2016ರ ಏಪ್ರಿಲ್ 14ರಂದು ಕೇಂದ್ರ ತಂದ ಇ-ನಾಮ್‌ಗೆ ಈ ಪ್ರಯೋಗ ಒಂದು ಮಾದರಿಯಾಗಿತ್ತು.

ಭಾಗ 7/8: ಬೆಲೆ ಗೊತ್ತಾದ್ರೆ ಸಾಕಾ?
ಇಲ್ಲಿ ಕಥೆ ಸ್ವಲ್ಪ ಕಹಿಯಾಗುತ್ತೆ. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ರೈತರಿಗೆ ಮೊಬೈಲಿಗೆ ಬೆಲೆ ಕಳಿಸೋ ಸೇವೆ ಕೊಟ್ಟು ಇಬ್ಬರು ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿದ್ರು. 2012ರಲ್ಲಿ ಫಲಿತಾಂಶ ಪ್ರಕಟವಾಯ್ತು: ರೈತರಿಗೆ ಸಿಕ್ಕ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕರ್ನಾಟಕದ ಆನ್‌ಲೈನ್ ವೇದಿಕೆಯನ್ನ ಎಂಐಟಿ ಸಂಶೋಧಕರ ತಂಡ ನೋಡಿದಾಗ ಭತ್ತ, ಶೇಂಗಾ, ಮೆಕ್ಕೆಜೋಳದ ಮಾದರಿ ಬೆಲೆ ಸುಮಾರು ಶೇ 3.5ರಿಂದ 5ರಷ್ಟು ಏರಿತ್ತು. ಆದ್ರೆ ಎಲ್ಲ ಬೆಳೆಗೂ ಹಾಗಾಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಬರೀ ಸುದ್ದಿ ಬಂತು. ಇನ್ನೊಂದು ಕಡೆ ಮಾರುವ ರೀತಿಯೇ ಬದಲಾಯ್ತು, ಒಂದು ಲಾಟ್‌ಗೆ ಹೆಚ್ಚು ವರ್ತಕರು ಪೈಪೋಟಿ ಮಾಡೋ ಹಾಗಾಯ್ತು. ಬಿತ್ತನೆಗೆ ಸಾಲ ಕೊಟ್ಟ ಅಂಗಡಿಗೇ ಮಾಲು ಹಾಕಬೇಕು ಅಂತಿದ್ರೆ, ಪಕ್ಕದ ಪೇಟೆಯಲ್ಲಿ ಇನ್ನೂರು ರೂಪಾಯಿ ಜಾಸ್ತಿ ಇದೆ ಅನ್ನೋ ಸುದ್ದಿ ಬರೀ ಹೊಟ್ಟೆ ಉರಿಸುತ್ತೆ. ಟೊಮೆಟೊ ಅಂತೂ ಕಾಯೋದೇ ಇಲ್ಲ, ಕೊಳೆಯುತ್ತೆ.

ಇನ್ನೊಂದು ವಿಷಯ. 2020ರ ತಿದ್ದುಪಡಿ ಎಪಿಎಂಸಿ ಪ್ರಾಂಗಣದ ಹೊರಗೂ ಖರೀದಿಗೆ ದಾರಿ ಮಾಡಿತು. ಹೊಲದ ಬದುವಲ್ಲೇ ಮಾಲು ಮಾರಿದ್ರೆ ಸಾಗಣೆ ಖರ್ಚು ಉಳಿಯಬಹುದು, ನಿಜ. ಆದ್ರೆ ಆ ವ್ಯಾಪಾರ ಟೆಂಡರ್ ಪಟ್ಟಿಗೆ ಬರಲ್ಲ. ಹಾಗೆ ಎಷ್ಟು ಮಾಲು ಹೊರಗೆ ಹೋಗುತ್ತೋ, ನಾವು ಫೋನಲ್ಲಿ ನೋಡೋ ಧಾರಣೆ ಅಷ್ಟು ಅರ್ಧ ಕಥೆ ಹೇಳುತ್ತೆ.

ಭಾಗ 8/8: ಬ್ಯಾಡಗಿ, ಮಾರ್ಚ್ 11, 2024
ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ ಹೆಸರಾದ ಮಾರುಕಟ್ಟೆ. ಆನ್‌ಲೈನ್ ಟೆಂಡರ್ ಇದೆ, ಶೀತಲ ಗೋದಾಮುಗಳಿವೆ. ಆ ಸೋಮವಾರ ಲಕ್ಷಗಟ್ಟಲೆ ಚೀಲ ಆವಕವಾಗಿತ್ತು, ಆಂಧ್ರದ ರೈತರೂ ಲೋಡ್ ತಂದಿದ್ರು. ದರ ಒಮ್ಮೆಲೆ ಬಿತ್ತು. ಸಿಟ್ಟಿಗೆದ್ದ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳು ಸುಟ್ಟುಹೋದ್ವು.

ಬೆಂಕಿ ಹಚ್ಚಿದ್ದನ್ನ ಯಾರೂ ಸರಿ ಅನ್ನಲ್ಲ. ಆದ್ರೆ ಆ ರೈತರಿಗೆ ಅವತ್ತಿನ ಬೆಲೆ ಗೊತ್ತಾದದ್ದು ನೂರಾರು ಕಿಲೋಮೀಟರ್ ಬಂದು ಚೀಲ ಇಳಿಸಿದ ಮೇಲೆ. ವಾಪಸ್ ಹೋಗೋಣ ಅಂದ್ರೆ ಲಾರಿ ಬಾಡಿಗೆ, ಇಟ್ಟು ಕಾಯೋಣ ಅಂದ್ರೆ ಗೋದಾಮಿನ ಬಾಡಿಗೆ, ಮನೆಯಲ್ಲಿ ಸಾಲದ ಬಡ್ಡಿ. ಟವೆಲ್ ಹೋಗಿದೆ, ಬೆಲೆ ಎಲ್ಲರಿಗೂ ಕಾಣುತ್ತೆ. ‘ಈ ಬೆಲೆಗೆ ಕೊಡಲ್ಲ’ ಅಂತ ಎದ್ದು ಹೋಗೋ ಶಕ್ತಿ ಮಾತ್ರ ಇನ್ನೂ ಕೊಳ್ಳುವವರ ಕಡೆಯೇ ಹೆಚ್ಚಿದೆ. ಗೋದಾಮು ರಸೀದಿ ಮೇಲೆ ಸಾಲ, ರೈತರ ಕಂಪನಿಗಳು, ಬೆಂಬಲ ಬೆಲೆ, ಇವೆಲ್ಲವನ್ನೂ ನಾವು ಸಿಲಬಸ್‌ನ ಟಾಪಿಕ್ ಅಂತ ಓದ್ತೀವಿ. ಇವು ಅಸಲಿಗೆ ಕಾಯೋ ಶಕ್ತಿ ಕೊಡೋಕೆ ಇರೋ ದಾರಿಗಳು.

ಈಗ ನಿಮ್ಮ ಸರದಿ. ನಿಮ್ಮ ತಾಲ್ಲೂಕಿನ ಒಂದು ಬೆಳೆ ಆರಿಸ್ಕೊಳ್ಳಿ. ಒಂದು ತಿಂಗಳು ದಿನಾ ಆವಕ, ಮಾದರಿ ಬೆಲೆ ಎರಡನ್ನೂ ಬರೆದಿಡಿ. ಮನೆಯಲ್ಲಿ ಯಾರಾದ್ರೂ ಮಾಲು ಮಾರಿದ್ರೆ ಅವರ ಪಟ್ಟಿಯ ಬೆಲೆ ಜೊತೆ ಹೋಲಿಸಿ. ಎಷ್ಟು ವ್ಯತ್ಯಾಸ ಬಂತು ಅಂತ ಕಾಮೆಂಟಲ್ಲಿ ಹಾಕಿ, ಊರಿನ ಹೆಸರು ಸಮೇತ.

#ಪೇಟೆಧಾರಣೆ #ಎಪಿಎಂಸಿ #ಬಿಕಾಂಹುಡುಗರು #ನಮ್ಮಇತಿಹಾಸ #ಕನ್ನಡದಲ್ಲಿಕಾಮರ್ಸ್