ಹಾಸನದ ಆಲೂಗೆಡ್ಡೆ ಬಿತ್ತನೆ

ಹಾಸನ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳಲ್ಲಿ ಆಲೂಗೆಡ್ಡೆ ಮುಂಗಾರಿನ ಪ್ರಮುಖ ಬೆಳೆ. ಆದರೆ ಬಿತ್ತನೆಗೆಡ್ಡೆ ಬಹುಮಟ್ಟಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. ಮೇ ತಿಂಗಳಲ್ಲಿ ಹಾಸನದ ಮಾರುಕಟ್ಟೆಯಲ್ಲಿ ಅದನ್ನು ಕೊಂಡು, ಹೋಳು ಮಾಡಿ ನೆಡುವುದು ರೂಢಿ. ಬೆಲೆಯಾಗಲಿ ಗುಣಮಟ್ಟವಾಗಲಿ ರೈತನ ಕೈಯಲ್ಲಿಲ್ಲ; ಸೋಂಕು ತಗುಲಿದ ಗೆಡ್ಡೆ ಬಂದರೆ ಮಳೆಯಲ್ಲಿ ಅಂಗಮಾರಿ ರೋಗ ಹೊಲಕ್ಕೆ ಹೊಲವನ್ನೇ ಕೊಳೆಸುತ್ತದೆ. ಬೇಸತ್ತ ಅನೇಕರು ಮುಸುಕಿನ ಜೋಳ, ಶುಂಠಿಗಳಿಗೆ ಹೊರಳಿದ್ದಾರೆ.

ಬಿತ್ತನೆಯನ್ನು ಊರಿನಲ್ಲೇ ಸಿದ್ಧಪಡಿಸಿಕೊಳ್ಳುವ ದಾರಿಯೆಂದರೆ ಕುಡಿಯಿಂದ ಸಸಿ ಮಾಡುವ ವಿಧಾನ. ಅಂಗಾಂಶ ಕೃಷಿಯಿಂದ ಪಡೆದ ರೋಗರಹಿತ ತಾಯಿಗಿಡದ ಕುಡಿಗಳನ್ನು ಕತ್ತರಿಸಿ, ನರ್ಸರಿಯಲ್ಲಿ ಬೇರು ಬರಿಸಿ ಹೊಲದಲ್ಲಿ ನೆಡಲಾಗುತ್ತದೆ. ಅದರಲ್ಲಿ ಬಿಟ್ಟ ಗೆಡ್ಡೆಯೇ ಮುಂದಿನ ಬಿತ್ತನೆ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರವೂ ಇದನ್ನು ಹಾಸನದಲ್ಲಿ ಪ್ರಚಾರಕ್ಕೆ ತಂದವು. ಊರಿನ ಸ್ವಾವಲಂಬನೆಗೆ ನೆರವಾದ ಈ ಕೇಂದ್ರದ ಪ್ರಧಾನ ಕಚೇರಿ ಪೆರು ದೇಶದ ಲೀಮಾದಲ್ಲಿರುವುದು ಸ್ವಾರಸ್ಯಕರ. ಎಳೆಯ ಸಸಿಗೆ ನೀರೂ ಆರೈಕೆಯೂ ಗೆಡ್ಡೆಗಿಂತ ಹೆಚ್ಚು ಬೇಕು.