ಒಂದು ಊರಿನ ಒಳಚರಂಡಿ, 33 ವರ್ಷದ ಜಗಳ

ಹೋದ ತಿಂಗಳು ಪುಣೆಯ ನಮ್ಮ ಸೊಸೈಟಿಯಲ್ಲಿ ಎಸ್‌ಟಿಪಿ ರಿಪೇರಿಗೆ ಯಾರು ಎಷ್ಟು ದುಡ್ಡು ಹಾಕ್ಬೇಕು ಅಂತ ಮೀಟಿಂಗ್ ಇತ್ತು. ಎರಡೂವರೆ ಗಂಟೆ ಮಾತಾಡಿದ್ವಿ, ಏನೂ ತೀರ್ಮಾನ ಆಗಲಿಲ್ಲ. ಆಗ ನೆನಪಾಗಿದ್ದೇ ಲಾಸ್ ಓಸೋಸ್. ಅಲ್ಲಿ ಇದೇ ಜಗಳ 33 ವರ್ಷ ನಡೀತು.

ಲಾಸ್ ಓಸೋಸ್ ಇರೋದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮೊರೋ ಬೇ ಅನ್ನೋ ಕೊಲ್ಲಿಯ ದಂಡೆ ಮೇಲೆ. ಜನಸಂಖ್ಯೆ ಸುಮಾರು 14 ಸಾವಿರ. ಸ್ವಂತ ನಗರಸಭೆ ಇಲ್ಲ, ಕೌಂಟಿ ಅಂದ್ರೆ ನಮ್ಮ ಜಿಲ್ಲಾಡಳಿತದಂಥದ್ದೇ ನೋಡ್ಕೊಳ್ಳುತ್ತೆ. ಮನೆಮನೆಗೂ ಸೆಪ್ಟಿಕ್ ಟ್ಯಾಂಕ್ ಇತ್ತು. ಕುಡಿಯೋ ನೀರು ಬರ್ತಿದ್ದದ್ದೂ ಅದೇ ನೆಲದಡಿಯಿಂದ.

ತೊಂದರೆ ಇಲ್ಲೇ ಇದೆ. ಸೆಪ್ಟಿಕ್ ಟ್ಯಾಂಕಲ್ಲಿ ಗಟ್ಟಿ ಪದಾರ್ಥ ತಳ ಸೇರುತ್ತೆ, ಮೇಲಿನ ನೀರು ಮಣ್ಣಿಗೆ ಇಂಗುತ್ತೆ. ರೋಗಾಣುಗಳನ್ನು ಮಣ್ಣು ಬಹುಮಟ್ಟಿಗೆ ಸೋಸುತ್ತೆ. ಆದರೆ ಆ ನೀರಿನ ಅಮೋನಿಯಾವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮರಳು ಹಿಡಿದಿಡೋಲ್ಲ, ಅದು ಅಂತರ್ಜಲಕ್ಕೆ ಇಳಿಯುತ್ತೆ. ಅದು ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯೋ ಶಕ್ತಿ ಕಡಿಮೆಯಾಗುತ್ತೆ. ಹತ್ತು ಮನೆ ಇದ್ದಾಗ ನೆಲ ತಡ್ಕೊಳ್ಳುತ್ತೆ, ಸಾವಿರಾರು ಮನೆ ಆದಾಗ ಆಗೋಲ್ಲ.

1983ರಲ್ಲಿ ಪ್ರಾದೇಶಿಕ ಜಲಗುಣಮಟ್ಟ ಮಂಡಳಿ ಒಂದು ಆದೇಶ ಮಾಡಿತು: 1988ರ ನವೆಂಬರ್‌ನಿಂದ ಊರಿನ ಹೆಚ್ಚಿನ ಭಾಗದಲ್ಲಿ ಸೆಪ್ಟಿಕ್ ನೀರನ್ನು ನೆಲಕ್ಕೆ ಬಿಡುವಂತಿಲ್ಲ. 1988 ಬಂತು, ಶುದ್ಧೀಕರಣ ಘಟಕ ಬರಲಿಲ್ಲ. ಆ ಭಾಗದಲ್ಲಿ ಹೊಸ ಮನೆ ಕಟ್ಟೋದಕ್ಕೆ ತಡೆ ಬಿತ್ತು. ಕೌಂಟಿಯ ಯೋಜನೆ ದುಬಾರಿ ಅಂತ ಜನ 1998ರಲ್ಲಿ ಮತ ಹಾಕಿ ತಮ್ಮದೇ ಸೇವಾ ಮಂಡಳಿ ಕಟ್ಟಿಕೊಂಡರು. ಕೊಳಗಳಲ್ಲಿ ಅಗ್ಗವಾಗಿ ನೀರು ಶುದ್ಧ ಮಾಡ್ತೀವಿ ಅನ್ನೋ ಭರವಸೆ ಇತ್ತು, ಅದು ಕೈಗೂಡಲಿಲ್ಲ. ಕೊನೆಗೆ ಊರ ನಡುವಿನ ಜಾಗದಲ್ಲೇ ಘಟಕ ಅಂತ ಆಯ್ತು. 2005ರಲ್ಲಿ ಕೆಲಸ ಶುರುವಾದ ಬೆನ್ನಿಗೇ ಜನ ಮತ ಹಾಕಿ ಮಂಡಳಿಯ ಮೂವರು ಸದಸ್ಯರನ್ನು ಕೆಳಗಿಳಿಸಿದರು. ಹೊಸ ಮಂಡಳಿ ಕೆಲಸ ನಿಲ್ಲಿಸಿತು, ರಾಜ್ಯ ಸಾಲ ನಿಲ್ಲಿಸಿತು. 2006ರಲ್ಲಿ ಮಂಡಳಿ ದಿವಾಳಿ ಅರ್ಜಿ ಹಾಕಿತು.

ಅದೇ ವರ್ಷ ರಾಜ್ಯ ಕಾನೂನು ಮಾಡಿ ಕೆಲಸವನ್ನು ಮತ್ತೆ ಕೌಂಟಿಗೆ ಒಪ್ಪಿಸಿತು. ಘಟಕ ಊರ ಹೊರಗೆ ಎದ್ದಿತು, 2016ರಲ್ಲಿ ಚಾಲೂ ಆಯ್ತು. ಈಗ ಶುದ್ಧವಾದ ನೀರನ್ನು ನೆಲಕ್ಕೆ ಇಂಗಿಸ್ತಾರೆ, ಯಾಕಂದ್ರೆ ಅಂತರ್ಜಲ ಎತ್ತಿ ಎತ್ತಿ ಸಮುದ್ರದ ಉಪ್ಪುನೀರು ಒಳಗೆ ನುಗ್ಗೋಕೆ ಶುರುವಾಗಿತ್ತು.

ವಿರೋಧ ಮಾಡಿದವರು ದಡ್ಡರಲ್ಲ. ಪಿಂಚಣಿಯಲ್ಲಿ ಬದುಕೋರಿಗೆ ದೊಡ್ಡ ಬಿಲ್ ಭಯ ಇತ್ತು. ಊರ ಮಧ್ಯೆ ಘಟಕ ಬೇಡ ಅನ್ನೋದೂ ನ್ಯಾಯವೇ. ಆದರೆ ಅವರು ವಾದ ಮಾಡ್ತಿದ್ದಾಗ ಟ್ಯಾಂಕ್‌ಗಳು ಕಾಯ್ತಾ ಕೂತಿರಲಿಲ್ಲ. ನಾವು ಸಾಫ್ಟ್‌ವೇರ್‌ನವರು ಬಗ್ ಫಿಕ್ಸ್ ಮುಂದಿನ ರಿಲೀಸ್‌ಗೆ ಅಂತ ತಳ್ಳಿಬಿಡ್ತೀವಲ್ಲ, ಇದನ್ನೂ ಹಾಗೇ ತಳ್ಳಿದರು. ಅಷ್ಟೂ ದಿನ ನೈಟ್ರೇಟ್ ಇಳೀತಾನೇ ಇತ್ತು.

ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲೂ ಬಾವಿ ಮತ್ತು ಪಾಯಿಖಾನೆ ಗುಂಡಿ ಒಂದೇ ಹಿತ್ತಲಲ್ಲಿ ಇರುತ್ತವೆ. ಮುಂದಿನ ಸಲ ಊರಿಗೆ ಹೋದಾಗ ಬಾವಿ ನೀರಿನ ನೈಟ್ರೇಟ್ ಪರೀಕ್ಷೆ ಮಾಡಿಸಿ. ಕುದಿಸಿದರೆ ನೈಟ್ರೇಟ್ ಹೋಗೋಲ್ಲ. ನಾನಂತೂ ಭಾನುವಾರದ ಸೊಸೈಟಿ ಮೀಟಿಂಗ್‌ನಲ್ಲಿ ಮೊದಲು ಕೈ ಎತ್ತೋನು.