ಸೂತ್ರದಿಂದ ಎದ್ದ ಬೆಟ್ಟಗಳು

ಕಂಪ್ಯೂಟರ್ ಭೂದೃಶ್ಯವನ್ನು ಕೈಯಿಂದ ಬಿಡಿಸದೆ ಸೂತ್ರದಿಂದ ಹುಟ್ಟಿಸುವ ಕಲೆ ಚಿತ್ರರಂಗದ ಕಣ್ಣಿಗೆ ಬಿದ್ದದ್ದು 1980ರಲ್ಲಿ. ಬೋಯಿಂಗ್ ಕಂಪನಿಯಲ್ಲಿದ್ದ ಲೊರೆನ್ ಕಾರ್ಪೆಂಟರ್, ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ ಅವರ ಫ್ರ್ಯಾಕ್ಟಲ್ (ಎಷ್ಟು ಹತ್ತಿರದಿಂದ ನೋಡಿದರೂ ಅದೇ ಬಗೆಯ ಒರಟುತನ ತೋರುವ ಆಕಾರ) ಗಣಿತವನ್ನು ಆಧರಿಸಿ, ದೊಡ್ಡ ತ್ರಿಕೋನಗಳನ್ನು ನಾಲ್ಕು ನಾಲ್ಕಾಗಿ ಒಡೆದರು. ಅಂಚಿನ ನಡುಬಿಂದುಗಳನ್ನು ಯಾದೃಚ್ಛಿಕವಾಗಿ ಮೇಲೆ ಕೆಳಗೆ ಸರಿಸಿ ಮತ್ತೆ ಒಡೆದರು. ಹೀಗೆ ಎದ್ದ ಪರ್ವತಗಳ ಮೇಲೆ ಹಾರುವ ಎರಡು ನಿಮಿಷದ ‘ವೊಲ್ ಲಿಬ್ರ’ ಚಿತ್ರ ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಪ್ರದರ್ಶನಗೊಂಡು, ಅವರಿಗೆ ಲ್ಯೂಕಾಸ್‌ಫಿಲ್ಮ್‌ನಲ್ಲಿ ಕೆಲಸ ದೊರಕಿಸಿತು. 1982ರ ‘ಸ್ಟಾರ್ ಟ್ರೆಕ್’ ಚಿತ್ರದಲ್ಲಿ ಬಂಜರು ಗ್ರಹ ಹಸಿರಾಗುವ ದೃಶ್ಯದ ಬೆಟ್ಟಗಳೂ ಇದೇ ಬಗೆಯವು.

ಆದರೆ ಈ ಬೆಟ್ಟಗಳು ಬುಡದಿಂದ ತುದಿಯವರೆಗೆ ಒಂದೇ ಸಮನೆ ಒರಟು. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ‘ನಾಯ್ಸ್’ ನಯವಾಗಿ ಏರಿಳಿಯುವ ಯಾದೃಚ್ಛಿಕತೆಯನ್ನು ಕೊಟ್ಟಿತು. ಅದರ ಪದರಗಳನ್ನು ಬೇರೆ ಬೇರೆ ಅಳತೆಯಲ್ಲಿ ಕೂಡಿಸಿದರೆ ದಿಬ್ಬ, ಬಂಡೆ, ಮೋಡ ಎಲ್ಲವೂ ಸಾಧ್ಯ. ಮ್ಯಾಂಡೆಲ್‌ಬ್ರಾಟ್ ಅವರ ಶಿಷ್ಯ ಕೆನ್ ಮಸ್‌ಗ್ರೇವ್ ಕಣಿವೆ ನಯವಾಗಿ, ಶಿಖರ ಒರಟಾಗಿ ಉಳಿಯುವಂತೆ ಪದರಗಳನ್ನು ಹದಗೊಳಿಸಿದರು. ಮಳೆನೀರಿನ ಕೊರೆತವನ್ನೂ ಲೆಕ್ಕಕ್ಕೆ ತಂದರು.

ಇಂಥ ಲೆಕ್ಕಗಳನ್ನು ಇಂದು ‘ನೋಡ್’ ಎಂಬ ಪುಟ್ಟ ಘಟಕಗಳ ಜಾಲವಾಗಿ ಜೋಡಿಸಬಹುದು. ಈ ನೋಡ್ ಜಾಲದ ಬೇರು ರಾಬರ್ಟ್ ಕುಕ್ ಅವರ 1984ರ ‘ಶೇಡ್ ಟ್ರೀಸ್’ ಪ್ರಬಂಧದಲ್ಲಿದೆ: ಮೇಲ್ಮೈಯ ಬಣ್ಣ, ಹೊಳಪಿನ ಲೆಕ್ಕಗಳನ್ನು ಅವರು ಕವಲುಗಳಾಗಿ ಜೋಡಿಸಿದ್ದರು. 3ಡಿ ತಂತ್ರಾಂಶವಾದ ಬ್ಲೆಂಡರ್‌ಗೆ, ಆಕಾರಗಳನ್ನೂ ಹೀಗೆ ನೋಡ್‌ಗಳಿಂದ ಹುಟ್ಟಿಸುವ ಜಿಯಾಮೆಟ್ರಿ ನೋಡ್ಸ್ ಬಂದದ್ದು 2021ರಲ್ಲಿ. ಪೈಥಾನ್ ಭಾಷೆಯ ಸ್ಕ್ರಿಪ್ಟ್ ಅಂಥ ಜಾಲದ ಎತ್ತರ, ಪದರಗಳ ಸಂಖ್ಯೆ, ಯಾದೃಚ್ಛಿಕತೆಗೆ ಆರಂಭ ಕೊಡುವ ಸೀಡ್ ಸಂಖ್ಯೆಗಳನ್ನು ಬದಲಿಸುತ್ತಾ ನೂರಾರು ಕಣಿವೆಗಳನ್ನು ತೆಗೆಯುತ್ತದೆ. ಯಾವ ಸಂಖ್ಯೆಯೂ ಬದಲಾಗದಿದ್ದರೆ ಅದೇ ಬೆಟ್ಟ ಮರಳಿ ಬರುತ್ತದೆ.